ಸೊಂಡಿಲು ಬಾಗಿದಾಗ ತೆರೆಯುವ ಸೀಳು: ಹಳೆಯ ವ್ಯಾಕ್ಯೂಮ್ ಕ್ಲೀನರ್ ಒಂದರ ಹೋಸ್ ಬದಲಾವಣೆಯ ಪ್ರಕರಣ

ಪುತ್ತೂರು ಪೇಟೆಯಿಂದ ಕೆಲವು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ನಡುವೆ ಇರುವ ನನ್ನ ಚಿಕ್ಕಮ್ಮನ ಮನೆಯಲ್ಲಿ 1990ರ ದಶಕದಲ್ಲಿ ಕೊಂಡ ಒಂದು ವ್ಯಾಕ್ಯೂಮ್ ಕ್ಲೀನರ್ ಇದೆ. ಚಕ್ರಗಳ ಮೇಲೆ ಉರುಳುವ ಪೀಪಾಯಿಯಂಥ ದೇಹ, 1000 ವ್ಯಾಟಿನ ಮೋಟಾರು, ಒಳಗೆ ಬಟ್ಟೆಯ ಚೀಲ, ಮುಂದೆ ಗಾಳಿ ಹೀರುವ ಬಾಯಿ, ಹಿಂದೆ ಗಾಳಿ ಊದುವ ಬಾಯಿ. ಇದರ ಉದ್ದನೆಯ ನೆರಿಗೆಗಳುಳ್ಳ ಹೋಸಿಗೆ ಆ ಮನೆಯಲ್ಲಿ ಮೊದಲಿನಿಂದಲೂ ಸೊಂಡಿಲು ಎಂದೇ ಹೆಸರು, ಮತ್ತು ಯಂತ್ರದ ಕೈಪಿಡಿಯಲ್ಲಿರುವ ಯಾವ ಪದಕ್ಕಿಂತಲೂ ಇದೇ ಸರಿಯಾದ ಪದವೆಂದು ನನಗೆ ಅನ್ನಿಸುವುದರಿಂದ ಈ ಬರಹದಲ್ಲಿಯೂ ಅದನ್ನೇ ಬಳಸುತ್ತೇನೆ.

ಚಿಕ್ಕಮ್ಮನ ದೂರು ಸ್ಪಷ್ಟವಾಗಿತ್ತು. ಯಂತ್ರವು ಕೆಂಪು ಸಾರಣೆಯ ನೆಲದ ಮೇಲಿನ ಧೂಳನ್ನು ಹೇಗೋ ಎಳೆದುಕೊಳ್ಳುತ್ತದೆ, ಆದರೆ ಹಾಸಿಗೆ, ಜಮಖಾನ ಮತ್ತು ಸೋಫಾದ ಮೇಲೆ ಆಡಿಸಿದರೆ ಏನೂ ಬರುವುದಿಲ್ಲ. ಆರು ತಿಂಗಳಿನಿಂದ ಹೀಗಿದೆ. ಪೇಟೆಯಿಂದ ಬಂದಿದ್ದ ರಿಪೇರಿಯವರೊಬ್ಬರು ಸೊಂಡಿಲಿನ ಹಿಡಿಕೆಗೆ ಸಿಕ್ಕಿಸುವ ಲೋಹದ ಕೊಳವೆಯ ತುದಿಗೆ ಕೈಯಿಟ್ಟು ನೋಡಿ, ಮೋಟಾರು ಸೋತಿದೆ, ಇಷ್ಟು ಹಳೆಯದಕ್ಕೆ ಹಣ ಹಾಕುವುದರಲ್ಲಿ ಅರ್ಥವಿಲ್ಲ, ಹೊಸತು ಕೊಳ್ಳುವುದೇ ಲೇಸು ಎಂದು ಹೇಳಿ ಹೋಗಿದ್ದರು. ಅವರು ಕೈಯಿಟ್ಟ ಜಾಗವೇ ತಪ್ಪಾಗಿತ್ತು ಎಂಬುದು ಈ ಪ್ರಕರಣದಿಂದ ನಾನು ಕಂಡುಕೊಂಡ ಮೊದಲ ಸಂಗತಿ. ಕೊಳವೆಯ ತುದಿಯಲ್ಲಿ ಎಳೆತ ಕಡಿಮೆಯಾಗಿದೆ ಎಂಬುದು ರೋಗದ ಲಕ್ಷಣವೇ ಹೊರತು, ರೋಗ ಎಲ್ಲಿದೆ ಎಂಬುದನ್ನು ಅದು ಹೇಳುವುದಿಲ್ಲ.

ಎಲ್ಲಿದೆ ಎಂಬುದನ್ನು ಹೇಳುವುದು ಯಂತ್ರದ ದನಿ. ಇಂಥ ಯಂತ್ರಗಳ ಮೋಟಾರು ಹೊರೆ ಕಡಿಮೆಯಾದಂತೆ ವೇಗವಾಗಿ ತಿರುಗುವ ಜಾತಿಯದು. ಹೀರುವ ಬಾಯಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿದರೆ ಫ್ಯಾನಿಗೆ ಸಾಗಿಸಲು ಗಾಳಿಯೇ ಸಿಗದೆ ಅದರ ಹೊರೆ ಇಳಿಯುತ್ತದೆ, ವೇಗ ಏರುತ್ತದೆ, ದನಿಯೂ ಕೀರಲಾಗುತ್ತದೆ. ಮುಚ್ಚಿದ ಮೇಲೂ ದನಿ ಬದಲಾಗದಿದ್ದರೆ ಗಾಳಿ ಬೇರೆಲ್ಲಿಂದಲೋ ಒಳಗೆ ಬರುತ್ತಿದೆ ಎಂದರ್ಥ. ನಾನು ಮೊದಲು ಲೋಹದ ಕೊಳವೆಯ ತುದಿಯನ್ನು ಮುಚ್ಚಿದೆ, ದನಿ ಅಷ್ಟಾಗಿ ಏರಲಿಲ್ಲ. ಕೊಳವೆಯನ್ನು ಕಳಚಿ ಸೊಂಡಿಲಿನ ಹಿಡಿಕೆಯನ್ನು ಮುಚ್ಚಿದೆ, ಹೆಚ್ಚು ವ್ಯತ್ಯಾಸವಾಗಲಿಲ್ಲ. ಸೊಂಡಿಲನ್ನೇ ಕಳಚಿ ಯಂತ್ರದ ಬಾಯಿಯನ್ನು ಮುಚ್ಚಿದಾಗ ಮಾತ್ರ ಅದು ಮನೆಯ ನಾಯಿ ಎದ್ದು ಅಂಗಳಕ್ಕೆ ಓಡುವಷ್ಟು ಜೋರಾಗಿ ಕಿರುಚಿತು, ಅಂಗೈ ಬಾಯಿಗೆ ಅಂಟಿಕೊಂಡಿತು. ಮೋಟಾರು, ಫ್ಯಾನು, ಮುಚ್ಚಳದ ರಬ್ಬರು ಎಲ್ಲವೂ ಸರಿಯಾಗಿವೆ ಎಂಬುದು ಅಲ್ಲಿಗೆ ಖಚಿತವಾಯಿತು. ಈ ಪರೀಕ್ಷೆಯನ್ನು ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಾಡಬಾರದು, ಏಕೆಂದರೆ ಈ ಮಾದರಿಯಲ್ಲಿ ಒಳಗೆ ಹಾಯುವ ಗಾಳಿಯೇ ಮೋಟಾರನ್ನು ತಂಪಾಗಿಡುತ್ತದೆ. ಅದೇ ಕಾರಣಕ್ಕೆ ಸೊಂಡಿಲು ಕಟ್ಟಿಕೊಳ್ಳುವುದು ಮೋಟಾರಿಗೆ ಅಪಾಯ, ಸೋರುವುದು ಅಷ್ಟೇನೂ ಅಪಾಯವಲ್ಲ. ಸೋರುವ ಸೊಂಡಿಲು ಯಂತ್ರವನ್ನು ಕೊಲ್ಲುವುದಿಲ್ಲ, ಕೆಲಸವನ್ನು ಮಾತ್ರ ಕೆಡಿಸುತ್ತದೆ.

ಆದರೂ ಸೊಂಡಿಲಿನ ಮೇಲೆ ಅಪವಾದ ಹೊರಿಸುವ ಮೊದಲು ಕೆಲವು ಸಣ್ಣ ಸಂಗತಿಗಳನ್ನು ನೋಡಬೇಕಿತ್ತು. ವೋಲ್ಟೇಜ್ ಇಳಿದಿರಬಹುದೇ ಎಂದರೆ, ಫ್ರಿಜ್ಜಿನ ಸ್ಟೆಬಿಲೈಸರ್ ಆ ಹೊತ್ತಿಗೆ 220 ತೋರಿಸುತ್ತಿತ್ತು. ಚೀಲವನ್ನು ಚಿಕ್ಕಮ್ಮ ಹಿಂದಿನ ದಿನವೇ ಕೊಡವಿದ್ದರು. ಹಿಡಿಕೆಯ ಮೇಲಿನ ಜಾರುಬಿಲ್ಲೆ ಮಾತ್ರ ಅರ್ಧ ತೆರೆದಿತ್ತು. ತೆಳು ಪರದೆಗಳನ್ನು ಗುಡಿಸುವಾಗ ಎಳೆತ ಕಡಿಮೆ ಮಾಡಲೆಂದು ತಯಾರಕರೇ ಇಟ್ಟಿರುವ ಈ ಕಿಂಡಿ ಒಂದು ಉದ್ದೇಶಪೂರ್ವಕ ಸೋರಿಕೆಯೇ ಆಗಿದ್ದು, ಎಷ್ಟೋ ಮನೆಗಳಲ್ಲಿ ಅದು ವರ್ಷಗಟ್ಟಲೆ ತೆರೆದೇ ಇರುತ್ತದೆ. ಅದನ್ನು ಮುಚ್ಚಿದಾಗ ದನಿ ಸ್ವಲ್ಪ ಏರಿತು, ಇಷ್ಟೇ ಇರಬೇಕೆಂದು ಒಂದು ಕ್ಷಣ ಸಂತೋಷವೂ ಆಯಿತು. ಆದರೆ ಜಮಖಾನದ ಮೇಲೆ ಆಡಿಸಿದರೆ ಹಳೆಯ ಕಥೆಯೇ.

ಸೊಂಡಿಲಿನೊಳಗೆ ಏನಾದರೂ ಸಿಕ್ಕಿಕೊಂಡಿದೆಯೇ ಎಂಬುದನ್ನು ನೋಡಲು ತೋಟದ ಮನೆಯಲ್ಲಿ ಪರಿಕರ ಹುಡುಕಬೇಕಾಗಿರಲಿಲ್ಲ. ಒಂದು ದುಂಡನೆಯ ಚಾಲಿ ಅಡಿಕೆಯನ್ನು ಒಂದು ತುದಿಯಲ್ಲಿ ಹಾಕಿ, ಸೊಂಡಿಲನ್ನು ಮೇಲೆತ್ತಿ ಹಾವನ್ನು ಆಡಿಸಿದಂತೆ ಆಡಿಸಿದೆ. ಅಡಿಕೆ ನೆರಿಗೆಗಳ ಮೇಲೆ ಟಕಟಕ ಸದ್ದು ಮಾಡುತ್ತ ಇನ್ನೊಂದು ತುದಿಯಿಂದ ಹೊರಬಿತ್ತು. ನಾಣ್ಯಕ್ಕಿಂತ ಅಡಿಕೆ ಮೇಲು, ಏಕೆಂದರೆ ನಾಣ್ಯವು ಅಡ್ಡವಾಗಿ ತಿರುಗಿ ಕಸದ ಪಕ್ಕದಿಂದ ನುಸುಳಿ ಬರಬಲ್ಲದು, ದುಂಡನೆಯ ವಸ್ತುವಿಗೆ ಆ ಉಪಾಯ ಇಲ್ಲ. ಕಟ್ಟಿಕೊಂಡಿಲ್ಲ ಎಂದಾದ ಮೇಲೆ ಉಳಿದದ್ದು ಸೋರಿಕೆ ಒಂದೇ.

ಸೋರಿಕೆಯನ್ನು ಕಣ್ಣಿನಿಂದ ಹುಡುಕುವುದು ನಾನೆಣಿಸಿದಷ್ಟು ಸುಲಭವಾಗಿರಲಿಲ್ಲ. ಸೊಂಡಿಲನ್ನು ಮೇಜಿನ ಮೇಲೆ ನೇರವಾಗಿ ಚಾಚಿ ಒಂದೊಂದೇ ನೆರಿಗೆಯನ್ನು ನೋಡಿದೆ. ಅಟ್ಟದಲ್ಲಿ ಇಟ್ಟಿದ್ದ ಕಾರಣ ಇಲಿ ಕಡಿದಿರಬಹುದೆಂದು ಊಹಿಸಿದ್ದೆ, ಹಲ್ಲಿನ ಗುರುತು ಎಲ್ಲೂ ಇರಲಿಲ್ಲ. ಕತ್ತಲೆ ಕೋಣೆಯಲ್ಲಿ ಮೊಬೈಲಿನ ದೀಪವನ್ನು ತುದಿಗೆ ಹಿಡಿದು ನೋಡಿದೆ, ಯಂತ್ರದ ಕಡೆಯ ತುದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಂತಾಯಿತು, ಸರಿಯಾಗಿ ಕಾಣಲಿಲ್ಲ. ಯಂತ್ರವನ್ನು ಚಾಲೂ ಮಾಡಿ ತೆಳುವಾದ ಟಿಶ್ಯೂ ಕಾಗದವನ್ನು ಸೊಂಡಿಲಿನ ಉದ್ದಕ್ಕೂ ಸರಿಸಿದೆ, ಅದು ಒಂದೆಡೆ ಅಂಟಿದಂತೆ ಮಾಡಿ ಬಿಟ್ಟುಬಿಟ್ಟಿತು. ಊದುಬತ್ತಿಯ ಹೊಗೆ ಹಿಡಿದರೆ ಸೋರುವ ಜಾಗ ಕಾಣುತ್ತದೆಂದು ಕೆಲವರು ಹೇಳುವುದುಂಟು, ಮತ್ತು ಅದು ನಿಜವೂ ಹೌದು. ಆದರೆ ಕೆಂಡದ ಒಂದು ಚೂರು ಸೀಳಿನಿಂದ ಒಳಸೇರಿದರೆ ಒಣಧೂಳು ತುಂಬಿದ ಬಟ್ಟೆಯ ಚೀಲಕ್ಕೆ ಗಾಳಿ ಬೀಸುತ್ತ ಬೆಂಕಿ ಹಚ್ಚಿದಂತೆಯೇ ಆಗುವುದರಿಂದ ನಾನು ಆ ದಾರಿ ಹಿಡಿಯಲಿಲ್ಲ, ಯಾರೂ ಹಿಡಿಯಬಾರದೆಂದೇ ನನ್ನ ಅಭಿಪ್ರಾಯ.

ಇಲ್ಲಿ ನನಗೆ ತಡವಾಗಿ ಹೊಳೆದ ವಿಷಯವನ್ನು ಸ್ವಲ್ಪ ವಿವರಿಸಬೇಕು. ಯಂತ್ರ ಹೀರುತ್ತಿರುವಾಗ ಸೊಂಡಿಲಿನ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಿರುತ್ತದೆ, ಆದ್ದರಿಂದ ಸೀಳಿನ ಮೂಲಕ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಧೂಳು ಹೊರಗೆ ಬರುವುದಿಲ್ಲ. ಸೀಳಿದ್ದರೆ ಧೂಳು ಉಗುಳಬೇಕಿತ್ತಲ್ಲ ಎಂಬ ಚಿಕ್ಕಮ್ಮನ ಪ್ರಶ್ನೆ ಸಹಜವಾದದ್ದೇ, ಆದರೆ ಹೀರುವ ಬದಿಯ ಸೋರಿಕೆ ಎಂದೂ ತನ್ನ ಗುಟ್ಟನ್ನು ಹೀಗೆ ಬಿಟ್ಟುಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದೇ ಕಡಿಮೆ ಒತ್ತಡವು ಸೊಂಡಿಲನ್ನು ಉದ್ದಕ್ಕೆ ಕುಗ್ಗಿಸುತ್ತದೆ. ಒಳವ್ಯಾಸ 32 ಮಿಲಿಮೀಟರ್ ಇರುವ ಸೊಂಡಿಲಿನ ತುದಿಯನ್ನು ಮುಚ್ಚಿದಾಗ 16 ಕಿಲೋಪಾಸ್ಕಲಿನಷ್ಟು ಒತ್ತಡ ವ್ಯತ್ಯಾಸ ಉಂಟಾದರೆ, ಸುಮಾರು ಒಂದೂಕಾಲು ಕೆ.ಜಿ. ಭಾರದಷ್ಟು ಬಲ ಎರಡು ತುದಿಗಳನ್ನು ಒಂದರ ಕಡೆಗೆ ಇನ್ನೊಂದನ್ನು ಎಳೆಯುತ್ತದೆ. ನೆರಿಗೆಗಳು ಒತ್ತಾಗುತ್ತವೆ, ನೆರಿಗೆಯ ಕಣಿವೆಯಲ್ಲಿರುವ ಸೀಳಿನ ತುಟಿಗಳು ಮುಚ್ಚಿಕೊಳ್ಳುತ್ತವೆ. ಮೇಜಿನ ಮೇಲೆ ನೇರವಾಗಿ ಮಲಗಿಸಿ ಪರೀಕ್ಷಿಸಿದಾಗ ಸೊಂಡಿಲು ತನ್ನ ಗಾಯವನ್ನು ತಾನೇ ಮುಚ್ಚಿಟ್ಟುಕೊಂಡಿತ್ತು.

ಹಾಗಾದರೆ ಹೀರಿಸುವುದನ್ನು ಬಿಟ್ಟು ಊದಿಸಬೇಕು. ಅಂಗಳಕ್ಕೆ ಯಂತ್ರವನ್ನು ತಂದು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಸೊಂಡಿಲನ್ನು ಹಿಂದಿನ ಊದುಬಾಯಿಗೆ ಸಿಕ್ಕಿಸಿದೆ. ಮೊದಲ ಕ್ಷಣ ಒಳಗೆ ಉಳಿದಿದ್ದ ಧೂಳೆಲ್ಲ ಹೊರಗೆ ಹಾರಿತು. ಆಮೇಲೆ ದೂರದ ತುದಿಯನ್ನು ಅಂಗೈಯಿಂದ ಮುಕ್ಕಾಲು ಮುಚ್ಚಿದಾಗ ಸೊಂಡಿಲು ಉಬ್ಬಿ ಉದ್ದವಾಯಿತು. ಅಂಗೈಯ ಹಿಂಬದಿಯನ್ನು ಒದ್ದೆ ಮಾಡಿಕೊಂಡು ಸೊಂಡಿಲಿನ ಸುತ್ತ ಸರಿಸುತ್ತ ಬಂದಾಗ, ಯಂತ್ರಕ್ಕೆ ಸೇರುವ ಬಳೆಯಿಂದ, ಅಂದರೆ ಸೊಂಡಿಲಿನ ತುದಿಯನ್ನು ಹಿಡಿದಿರುವ ಗಟ್ಟಿ ಉಂಗುರದಿಂದ, ನಾಲ್ಕು ಬೆರಳು ದೂರದಲ್ಲಿ ತಣ್ಣನೆಯ ಗಾಳಿ ಕೈಗೆ ಬಡಿಯಿತು. ಅದೇ ಜಾಗವನ್ನು ಬಾಗಿಸಿದೆ. ಸಣ್ಣ ಸಿಳ್ಳೆಯಂತಿದ್ದ ಸದ್ದು ಭುಸುಗುಟ್ಟುವಿಕೆಯಾಯಿತು, ಸೀಳು ಬಾಯಿ ತೆರೆದು ಕಣ್ಣಿಗೇ ಕಂಡಿತು. ನೆರಿಗೆಯ ಕಣಿವೆಯಲ್ಲಿ, ಸುತ್ತಳತೆಯ ಅರ್ಧಕ್ಕೂ ಹೆಚ್ಚು ದೂರ ಓಡಿದ್ದ ಅದು ಸುಮಾರು 57 ಮಿಲಿಮೀಟರ್ ಉದ್ದವಿದ್ದು, ಬಾಗಿದಾಗ 4 ಮಿಲಿಮೀಟರಿನಷ್ಟು ತೆರೆಯುತ್ತಿತ್ತು. ಯಂತ್ರವನ್ನು ಬೆನ್ನ ಹಿಂದೆ ಎಳೆಯುತ್ತ ಕೋಣೆಯಿಂದ ಕೋಣೆಗೆ ಹೋಗುವವರ ಕೈಯಲ್ಲಿ ಸೊಂಡಿಲು ಬಾಗುವುದೂ ಇದೇ ಜಾಗದಲ್ಲಿಯೇ.

ಕೇವಲ ಕಂಡದ್ದರಿಂದ ತೃಪ್ತಿಯಾಗದೆ ಅಳೆದೂ ನೋಡೋಣ ಎಂದುಕೊಂಡದ್ದಕ್ಕೆ ಕಾರಣ, ಆ ವಾರ ಮನೆಯಲ್ಲಿ ಹೊಸ ಬಚ್ಚಲು ಕಟ್ಟಲು ಬಂದಿದ್ದ ಗಾರೆಯವರ ನೀರುಮಟ್ಟದ ಪಾರದರ್ಶಕ ಪೈಪು ಅಲ್ಲಿಯೇ ಬಿದ್ದಿದ್ದುದು. ಅದರ ಒಂದು ತುದಿಯನ್ನು ನೆಲದ ಮೇಲಿನ ಬಕೆಟ್ಟಿನ ನೀರಿನಲ್ಲಿ ಇಳಿಸಿ, ನಡುಭಾಗವನ್ನು ಅಟ್ಟದ ತೊಲೆಯ ಮೇಲಿಂದ ಹಾಯಿಸಿ, ಇನ್ನೊಂದು ತುದಿಯನ್ನು ಹಳೆಯ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಬಿಲ್ಲೆಯೊಂದರ ತೂತಿನಲ್ಲಿ ಬಿಗಿಯಾಗಿ ತೂರಿಸಿದೆ. ಆ ಬಿಲ್ಲೆಯನ್ನು ಬಾಯಿಗೆ ಒತ್ತಿದರೆ ಎಳೆತವೇ ಅದನ್ನು ಹಿಡಿದುಕೊಳ್ಳುತ್ತದೆ, ನೀರು ಪೈಪಿನಲ್ಲಿ ಮೇಲೇರುತ್ತದೆ. ಹತ್ತು ಸೆಂಟಿಮೀಟರ್ ಏರಿದರೆ ಹೆಚ್ಚುಕಡಿಮೆ ಒಂದು ಕಿಲೋಪಾಸ್ಕಲ್. ತೊಲೆ ಮೂರು ಮೀಟರ್ ಎತ್ತರದಲ್ಲಿದ್ದುದರಿಂದ ನೀರು ಯಂತ್ರದೊಳಗೆ ಹೋಗುವ ಭಯವಿರಲಿಲ್ಲ. ಈ ಎತ್ತರವಿಲ್ಲದ ಕಡೆ ಯಾರೂ ಈ ಪ್ರಯೋಗಕ್ಕೆ ಕೈ ಹಾಕಬಾರದು, ಏಕೆಂದರೆ ನೀರು ಮತ್ತು ಆ ಮೋಟಾರು ಸೇರಿದರೆ ರಿಪೇರಿಯವರು ಹೇಳಿದ ಮಾತೇ ಸತ್ಯವಾಗಿಬಿಡುತ್ತದೆ. ಯಂತ್ರದ ಬಾಯಿಯಲ್ಲಿ ನೀರು 165 ಸೆಂಟಿಮೀಟರ್ ಏರಿತು. ಸೊಂಡಿಲನ್ನು ಸೇರಿಸಿ, ನೇರವಾಗಿ ಹಿಡಿದು, ಅದರ ತುದಿಯಲ್ಲಿ ಅಳೆದಾಗ 145. ಯಂತ್ರದ ಕಡೆಯ ಕುತ್ತಿಗೆಯನ್ನು ಬಾಗಿಸಿದಾಗ ನೀರು ಸರ್ರನೆ ಇಳಿದು 80ಕ್ಕೆ ನಿಂತಿತು.

ಬಾಗಿದಾಗಿನ ಸೀಳಿನ ವಿಸ್ತೀರ್ಣ ಸುಮಾರು 228 ಚದರ ಮಿಲಿಮೀಟರ್, ಸೊಂಡಿಲಿನ ಬಾಯಿಯದು ಸುಮಾರು 804. ಅಂದರೆ ಬಾಯಿಯ ಕಾಲು ಭಾಗಕ್ಕಿಂತ ದೊಡ್ಡದಾದ ಇನ್ನೊಂದು ಬಾಯಿ ದಾರಿಯ ನಡುವೆ ತೆರೆದಿತ್ತು. ಚಿಕ್ಕಮ್ಮನ ದೂರಿನಲ್ಲಿದ್ದ ವೈಚಿತ್ರ್ಯಕ್ಕೆ, ನೆಲದ ಮೇಲೆ ಸರಿ ಮತ್ತು ಜಮಖಾನದ ಮೇಲೆ ಇಲ್ಲ ಎಂಬುದಕ್ಕೆ, ಉತ್ತರವೂ ಇದರಲ್ಲಿಯೇ ಇದೆ. ಗಟ್ಟಿ ನೆಲದ ಮೇಲೆ ಕೊಳವೆಯ ತುದಿಯ ಮೂತಿಯ ಸುತ್ತ ಗಾಳಿಗೆ ಧಾರಾಳ ದಾರಿಯಿರುವುದರಿಂದ ಸೀಳಿನ ಪಾಲು ಚಿಕ್ಕದು. ಮೂತಿಯು ಹಾಸಿಗೆಯ ಬಟ್ಟೆಗೆ ಒತ್ತಿಕೊಂಡಾಗ ಆ ದಾರಿ ಬಹುತೇಕ ಮುಚ್ಚಿ, ಗಾಳಿ ಸುಲಭವಾದ ದಾರಿಯನ್ನೇ, ಅಂದರೆ ಸೀಳನ್ನೇ, ಆರಿಸಿಕೊಳ್ಳುತ್ತದೆ. ಎಳೆತ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಅದು ಕೈಕೊಡುತ್ತದೆ.

ಸೀಳು ಅಲ್ಲಿಯೇ ಏಕೆ ಹುಟ್ಟಿತು ಎಂಬುದಕ್ಕೆ ಎರಡು ಕಾರಣಗಳು ಕಂಡವು. ಬಳೆಯ ಮುಂದೆ ಇರಬೇಕಾಗಿದ್ದ ರಬ್ಬರಿನ ತೋಳು, ಅಂದರೆ ಬಾಗುವಿಕೆಯನ್ನು ಒಂದೇ ನೆರಿಗೆಯ ಮೇಲೆ ಬೀಳದಂತೆ ಹಂಚುವ ಭಾಗ, ಯಾವಾಗಲೋ ಕಳೆದುಹೋಗಿತ್ತು. ಇನ್ನೊಂದು, ಸೊಂಡಿಲನ್ನು ಕೆಲಸ ಮುಗಿದ ಮೇಲೆ ಅಟ್ಟದ ಮೊಳೆಗೆ ಮಡಚಿ ತೂಗುಹಾಕುತ್ತಿದ್ದರು. ಹೆಂಚಿನ ಕೆಳಗಿನ ಅಟ್ಟದ ಬೇಸಿಗೆಯ ಸೆಕೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಳೆಯ ಸೊಂಡಿಲುಗಳನ್ನು ಮಾಡುತ್ತಿದ್ದ ಪಿವಿಸಿ ಸ್ವಭಾವತಃ ಗಡುಸಾದದ್ದು, ಅದಕ್ಕೆ ಬೆರೆಸಿದ ಎಣ್ಣೆಯಂಥ ಮೃದುಕಾರಕದಿಂದಲೇ ಅದು ಬಾಗುತ್ತದೆ. ವರ್ಷಗಳು ಕಳೆದಂತೆ, ಬಿಸಿ ತಾಗಿದಂತೆ, ಆ ಮೃದುಕಾರಕ ಹೊರಗೆ ಜಿನುಗಿ ಹೋಗುತ್ತದೆ. ಹಳೆಯ ಸೊಂಡಿಲು ಕೈಗೆ ಅಂಟಂಟಾಗುವುದು ಮತ್ತು ಅದೇ ಕಾಲಕ್ಕೆ ಒಣಗಿದ ಅಡಿಕೆ ಹಾಳೆಯಂತೆ ಪೆಡಸಾಗುವುದು ಒಂದೇ ಕ್ರಿಯೆಯ ಎರಡು ಮುಖಗಳು.

ದುರಸ್ತಿಯ ವಿಷಯಕ್ಕೆ ಬಂದರೆ, ಸೀಳಿನ ಮೇಲೆ ಕರೆಂಟಿನವರ ಕಪ್ಪು ಟೇಪನ್ನು ಸುತ್ತುವುದು ಎಲ್ಲರ ಮೊದಲ ಆಲೋಚನೆ, ನನ್ನದೂ ಅದೇ. ಎರಡು ದಿನ ಅದು ಕೆಲಸ ಮಾಡಿತು. ಮೂರನೆಯ ದಿನ ಅಂಟು ಕರಗಿ ಟೇಪು ಜಾರಿತು. ಜಾರದಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಟೇಪು ಸುತ್ತಿದ ಭಾಗ ಬಾಗದೆ ಗಟ್ಟಿಯಾಗಿ, ಬಾಗುವ ಹೊರೆಯೆಲ್ಲ ಪಕ್ಕದ ನೆರಿಗೆಗೆ ಹೋಗುತ್ತದೆ ಮತ್ತು ಮುಂದಿನ ಸೀಳು ಅಲ್ಲಿಯೇ ಸಿದ್ಧವಾಗುತ್ತದೆ. ನೀರಿನ ಟ್ಯಾಂಕಿನ ತೂತು ಮುಚ್ಚುವ ಕಲ್ಲಿನಂಥ ಅಂಟಿನ ಗತಿಯೂ ಇಷ್ಟೇ. ಬಾಗಬೇಕಾದ ವಸ್ತುವಿಗೆ ಬಾಗದ ತೇಪೆ ಹೊಂದುವುದಿಲ್ಲ.

ಸೀಳು ತುದಿಯ ಹತ್ತಿರವೇ ಇದ್ದುದರಿಂದ ಅಷ್ಟು ಭಾಗವನ್ನು ಕತ್ತರಿಸಿ ಬಳೆಯನ್ನು ಮತ್ತೆ ಜೋಡಿಸುವುದು ಇನ್ನೊಂದು ದಾರಿಯಾಗಿತ್ತು, ಮತ್ತು ಸೊಂಡಿಲಿನ ಉಳಿದ ಭಾಗ ಆರೋಗ್ಯವಾಗಿದ್ದರೆ ಇದರಷ್ಟು ಒಳ್ಳೆಯ, ಖರ್ಚಿಲ್ಲದ ಉಪಾಯ ಮತ್ತೊಂದಿಲ್ಲ. ಬಳೆಯೊಳಗೆ ಸೊಂಡಿಲು ತಿರುಪಿನಂತೆ ಕೂತಿತ್ತು. ಸಾಮಾನ್ಯ ಬೋಲ್ಟು ಬಿಚ್ಚುವ ದಿಕ್ಕಿನಲ್ಲಿ ತಿರುಗಿಸಿ ಕೈ ನೋಯಿಸಿಕೊಂಡ ಮೇಲೆ, ಸೊಂಡಿಲಿನ ನೆರಿಗೆಗಳ ಸುರುಳಿ ಎತ್ತ ಸಾಗುತ್ತದೆ ಎಂದು ನೋಡಿದಾಗ ಇದು ಎಡತಿರುಪು ಎಂದು ತಿಳಿಯಿತು. ಬಿಸಿನೀರಿನಲ್ಲಿ ಹತ್ತು ನಿಮಿಷ ಅದ್ದಿಟ್ಟು, ಉಲ್ಟಾ ತಿರುಗಿಸಿದಾಗ ಬಳೆ ಬಿಟ್ಟುಕೊಂಡಿತು. ಹದಿನೈದು ಸೆಂಟಿಮೀಟರ್ ಕತ್ತರಿಸಿ ಜೋಡಿಸಿ ಅಳೆದರೆ, ನೇರವಾಗಿ ಹಿಡಿದಾಗ 152, ಬಾಗಿಸಿದಾಗ 130. ಮೊದಲಿಗಿಂತ ಬಹಳ ಮೇಲು, ಆದರೆ ಬಾಗಿಸಿದಾಗ ಇಳಿಯುವುದು ನಿಂತಿರಲಿಲ್ಲ. ಮತ್ತೆ ಊದಿಸಿ, ಈ ಸಲ ಸೊಂಡಿಲನ್ನು ಗೇಣುಗೇಣಾಗಿ ಬಾಗಿಸುತ್ತ ಹೋದಾಗ ಉದ್ದಕ್ಕೂ ಐದಾರು ಕಡೆ ಸಣ್ಣ ಸಿಳ್ಳೆಗಳು ಕೇಳಿದವು. ಇಡೀ ವಸ್ತುವೇ ಮುಪ್ಪಾಗಿದೆ, ಒಂದೊಂದೇ ಗೇಣು ಕತ್ತರಿಸುತ್ತ ಹೋದರೆ ಕೊನೆಗೆ ಬಳೆಗಳೆರಡೇ ಉಳಿಯುತ್ತವೆ ಎಂದು ಗೊತ್ತಾದ ಮೇಲೆ ಪೂರ್ತಿ ಬದಲಾಯಿಸುವ ನಿರ್ಧಾರಕ್ಕೆ ಬಂದೆ.

ಆ ಮಾದರಿಗೆ ಹೊಂದುವ ಸಿದ್ಧ ಸೊಂಡಿಲು ಎಲ್ಲಿಯೂ ಸಿಗಲಿಲ್ಲ. ಆದರೆ ಯಂತ್ರಕ್ಕೆ ವಿಶಿಷ್ಟವಾಗಿರುವುದು ಎರಡು ತುದಿಯ ಬಳೆಗಳು ಮಾತ್ರ, ನಡುವಿನ ಸೊಂಡಿಲು ಯಾವ ಯಂತ್ರದ್ದಾದರೂ ಆಗಬಹುದು ಎಂದುಕೊಂಡೆ. ಬಳೆಗಳನ್ನು ಉಳಿಸಿಕೊಂಡು ಸೊಂಡಿಲನ್ನಷ್ಟೇ ಮೀಟರ್ ಲೆಕ್ಕದಲ್ಲಿ ಕೊಳ್ಳಲು ಮಂಗಳೂರಿಗೆ ಹೋದೆ. ಮೊದಲ ಅಂಗಡಿಯವರು ವಾಷಿಂಗ್ ಮಷೀನಿನ ನೀರು ಹೊರಹಾಕುವ ಪೈಪನ್ನು ತೋರಿಸಿದರು, ಅದು ತೀರ ಕಿರಿದು. ಎರಡನೆಯವರು ಪಂಪಿನ ಹೀರುಪೈಪನ್ನು ತೋರಿಸಿದರು, ಅದು ತೋಟಕ್ಕೆ ಸರಿ, ಎಪ್ಪತ್ತರ ಚಿಕ್ಕಮ್ಮನ ಕೈಗಲ್ಲ. ಮೂರನೆಯ ಕಡೆ ಇವಿಎ ಎಂಬ ಹಗುರವಾದ ಪ್ಲಾಸ್ಟಿಕ್ಕಿನ ನೆರಿಗೆ ಪೈಪು ಸಿಕ್ಕಿತು. ಈ ವಸ್ತುವಿನ ಮೃದುತ್ವ ಅದರ ರಚನೆಯಲ್ಲಿಯೇ ಇದ್ದು, ಪಿವಿಸಿಯಂತೆ ಬೆರೆಸಿದ ಎಣ್ಣೆಯನ್ನು ನೆಚ್ಚಿಕೊಂಡಿಲ್ಲವಾದ್ದರಿಂದ ನಾನು ಅದನ್ನೇ ಆರಿಸಿದೆ. ಒಳವ್ಯಾಸ 32 ಮಿಲಿಮೀಟರ್ ಎಂದು ಖಚಿತಪಡಿಸಿಕೊಂಡು, ಎರಡು ಮೀಟರ್ ಕೊಂಡು, ಜಂಬದಿಂದ ಮನೆಗೆ ಬಂದೆ.

ಬಳೆಯೊಳಗೆ ಅದು ಕೂರಲಿಲ್ಲ. ತಪ್ಪು ಸಂಪೂರ್ಣ ನನ್ನದು. ವ್ಯಾಸವನ್ನು ಅಳೆದಿದ್ದೆ, ನೆರಿಗೆಗಳ ಅಂತರವನ್ನು ಅಳೆದಿರಲಿಲ್ಲ. ಹಳೆಯದರಲ್ಲಿ ಹತ್ತು ಸೆಂಟಿಮೀಟರಿಗೆ ಇಪ್ಪತ್ತು ನೆರಿಗೆ, ಹೊಸದರಲ್ಲಿ ಹದಿನಾಲ್ಕು. ತಿರುಪಿನ ಎಳೆಗಳು ಹೊಂದದೆ ಬೋಲ್ಟಿಗೆ ಬೇರೆ ನಟ್ಟು ಹಾಕಿದಂತಾಗಿತ್ತು. ಇದಲ್ಲದೆ, ಬೆರಳಿನ ಉಗುರನ್ನು ಕಣಿವೆಯಲ್ಲಿಟ್ಟು ಸುತ್ತಿಸಿದಾಗ ಅದು ಮುಂದೆ ಸಾಗಿದರೆ ಸುರುಳಿ ನೆರಿಗೆ, ಅಲ್ಲಿಯೇ ಸುತ್ತಿದರೆ ಉಂಗುರ ನೆರಿಗೆ. ತಿರುಪಿನ ಬಳೆಗೆ ಸುರುಳಿಯೇ ಬೇಕು, ಅದೂ ಅದೇ ದಿಕ್ಕಿನದು. ಹಳೆಯ ಸೊಂಡಿಲಿನ ಒಂದು ತುಂಡನ್ನೂ ಬಳೆಯನ್ನೂ ಚೀಲದಲ್ಲಿ ಹಾಕಿಕೊಂಡು ಮತ್ತೊಮ್ಮೆ ಬಸ್ಸು ಹತ್ತಿದೆ. ಅಂಗಡಿಯವರು ಮರುಮಾತಿಲ್ಲದೆ ಬದಲಾಯಿಸಿ ಕೊಟ್ಟರು, ಅಲ್ಲಿಯೇ ಬಳೆಯನ್ನು ತಿರುಗಿಸಿ ನೋಡಿಯೇ ಹೊರಟೆ.

ಜೋಡಣೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪ್ಲಗ್ಗು ತೆಗೆದು, ಬಳೆಗಳೊಳಗಿನ ಹಳೆಯ ಕೊಳೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒಣಗಿಸಿ, ಹೊಸ ಸೊಂಡಿಲಿನ ತುದಿಗಳನ್ನು ನೆರಿಗೆಯ ಕಣಿವೆಯ ಗುಂಟ ಕತ್ತರಿಸಿ, ತಿರುಪಿಗೆ ನಲ್ಲಿಯವರ ಬಿಳಿ ಟೆಫ್ಲಾನ್ ಟೇಪನ್ನು ಎರಡು ಸುತ್ತು ಹಾಕಿ ತಿರುಗಿಸಿದೆ. ನೀರಿನ ಪೈಪಿನ ಅಂಟನ್ನು ಬಳಸಲಿಲ್ಲ, ಅದು ಪಿವಿಸಿಯನ್ನು ಕರಗಿಸಿ ಬೆಸೆಯುವಂಥದ್ದು, ಇವಿಎಯನ್ನು ಹಿಡಿಯುವುದಿಲ್ಲ; ಹಿಡಿದರೂ ಮುಂದಿನ ಸಲ ಬಿಚ್ಚುವ ದಾರಿ ಇರುವುದಿಲ್ಲ. ಕಳೆದುಹೋದ ರಬ್ಬರ್ ತೋಳಿನ ಬದಲಿಗೆ ಸೈಕಲ್ ಟ್ಯೂಬಿನ ಒಂದು ಗೇಣು ತುಂಡನ್ನು ಬಳೆ ಮತ್ತು ಮೊದಲ ಕೆಲವು ನೆರಿಗೆಗಳ ಮೇಲೆ ಎಳೆದು ತೊಡಿಸಿದೆ. ಟ್ಯೂಬು ಕಿರಿದಾಗಿದ್ದರಿಂದ ಪೌಡರ್ ಹಾಕಿ, ಇಬ್ಬರು ಸೇರಿ ಎಳೆಯಬೇಕಾಯಿತು. ಇಡೀ ಕೆಲಸದಲ್ಲಿ ಬೆವರು ಬಂದದ್ದು ಇದೊಂದಕ್ಕೆ.

ಗಾರೆಯವರ ಪೈಪಿನಲ್ಲಿ ನೀರು ನೇರವಾಗಿ ಹಿಡಿದಾಗ 163ಕ್ಕೆ ಏರಿತು, ಬಾಗಿಸಿದಾಗ ಒಂದು ಸೆಂಟಿಮೀಟರ್ ಇಳಿಯಿತೋ ಇಲ್ಲವೋ ಎಂಬಂತಿತ್ತು. ಈಗ ಸೊಂಡಿಲನ್ನು ಅಟ್ಟಕ್ಕೆ ಏರಿಸುವುದಿಲ್ಲ, ಚಾವಡಿಯ ಮೂಲೆಯಲ್ಲಿ ಹಳೆಯ ಬೆತ್ತದ ಬುಟ್ಟಿಯೊಂದರ ಸುತ್ತ ದುಂಡಗೆ ಸುತ್ತಿಡುತ್ತಾರೆ. ಜಮಖಾನದಿಂದ ಮೊದಲ ದಿನ ಬಂದ ಧೂಳಿಗೆ ಚೀಲವನ್ನು ಎರಡು ಸಲ ಕೊಡವಬೇಕಾಯಿತು. ಮರುವಾರ ಚಿಕ್ಕಮ್ಮ ಫೋನು ಮಾಡಿ, ಹಾಸಿಗೆಯ ಹೊದಿಕೆಯನ್ನೇ ಮೂತಿ ಕಚ್ಚಿ ಹಿಡಿದುಕೊಳ್ಳುತ್ತದೆ, ಬಿಡಿಸಲು ಆಗುವುದಿಲ್ಲ ಎಂದು ಹೊಸ ದೂರು ಹೇಳಿದರು. ನಾನು ಅಂದು ಮುಚ್ಚಿಬಂದಿದ್ದ ಹಿಡಿಕೆಯ ಜಾರುಬಿಲ್ಲೆಯನ್ನು ಅರ್ಧ ತೆರೆದುಕೊಳ್ಳುವಂತೆ ತಿಳಿಸಿದೆ.